ಔಷಧಿ ಹೊಡೆಯುವ ಮೊದಲು ಹುಳದೊಳಗೆ ಏನಿದೆ ನೋಡಬೇಡವೇ?

ಬೇಸಿಗೆಯಲ್ಲಿ ಒಮ್ಮೆ ಭಟ್ಕಳದಿಂದ ಹೊನ್ನಾವರ ದಾಟಿ ಕುಮಟಾದವರೆಗೆ ಹೋಗಿ ಬನ್ನಿ. ಹೆದ್ದಾರಿಯ ಬದಿಯ ಎಷ್ಟೋ ತೆಂಗಿನ ಮರಗಳ ಕೆಳಗಿನ ಗರಿಗಳು ಮಸಿ ಬಳಿದ ಹಾಗೆ ಕಪ್ಪಾಗಿರುತ್ತವೆ. ಗರಿ ಮಗುಚಿ ನೋಡಿದರೆ ಅಡಿಯಲ್ಲಿ ಬಿಳಿ ಮೇಣದ ಸುರುಳಿಗಳು. ಅದು ರೂಗೋಸ್ ಸುರುಳಿ ಬಿಳಿನೊಣ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಮೊದಲು ಕಂಡದ್ದು, ಕೇರಳ ದಾಟಿ ನಮ್ಮ ಕರಾವಳಿಗೂ ಬಂದು ಕೂತಿದೆ. ಅದರ ಅಂಟು ಕೆಳಗಿನ ಬಾಳೆ, ಕಾಳುಮೆಣಸು, ವೀಳ್ಯದೆಲೆಯ ಮೇಲೆಲ್ಲ ಬಿದ್ದು ಕಪ್ಪು ಬೂಸ್ಟು ಹಿಡಿಯುತ್ತದೆ.

ಆಗ ನಾವು ಮಾಡುವುದೇನು? ಪೇಟೆಗೆ ಹೋಗಿ "ಬಿಳಿನೊಣಕ್ಕೆ ಒಂದು ಔಷಧಿ ಕೊಡಿ" ಅಂತ ಕೇಳುತ್ತೇವೆ. ಅಂಗಡಿಯವರು ಒಂದು ಬಾಟಲಿ ಕೊಡುತ್ತಾರೆ. ಅದು ಕೆಲಸ ಮಾಡದಿದ್ದರೆ ಮತ್ತೊಂದು. ಎರಡೂ ಆಗದಿದ್ದರೆ ಎರಡನ್ನೂ ಬೆರೆಸಿ ಹೊಡೆಯಿರಿ ಅನ್ನುವ ಸಲಹೆ. ಹುಳ ಯಾಕೆ ಸಾಯಲಿಲ್ಲ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ನನ್ನ ವಾದ ಇಷ್ಟೇ. ನಮ್ಮ ತೋಟ, ಗದ್ದೆಗಳಲ್ಲಿ ಸಿಗುವ ಹುಳಗಳನ್ನು ಹಿಡಿದು, ಅವುಗಳ ದೇಹದೊಳಗೆ ವಾಸ ಮಾಡುವ ಬ್ಯಾಕ್ಟೀರಿಯಾ ಯಾವುದು ಅಂತ ಡಿಎನ್ಎ ಪರೀಕ್ಷೆಯಿಂದ ತಿಳಿಯುವ ಕೆಲಸ ಈ ಮೂರು ತಾಲ್ಲೂಕುಗಳಲ್ಲಿ ಶುರುವಾಗಬೇಕು. ಮಣ್ಣು ಪರೀಕ್ಷೆ ಎಷ್ಟು ಸಾಮಾನ್ಯವೋ ಇದೂ ಅಷ್ಟೇ ಸಾಮಾನ್ಯವಾಗಬೇಕು. "ಹುಳಕ್ಕೆಂಥ ಪರೀಕ್ಷೆ ಮಾರಾಯ್ರೆ" ಅಂತ ನಗಬೇಡಿ. ಮಣ್ಣಿಗೆ ಪರೀಕ್ಷೆ ಅಂದಾಗಲೂ ನಮ್ಮ ಹಿರಿಯರು ಹಾಗೆಯೇ ನಕ್ಕಿದ್ದರು.

ಹುಳ ಒಂಟಿಯಲ್ಲ

ಬಿಳಿನೊಣ, ಗಿಡಹೇನು, ಜಿಗಿಹುಳು ಇವೆಲ್ಲ ಗಿಡದ ರಸ ಹೀರಿ ಬದುಕುವವು. ಆ ರಸದಲ್ಲಿ ಸಕ್ಕರೆ ಬೇಕಾದಷ್ಟಿದೆ, ಆದರೆ ದೇಹ ಕಟ್ಟಲು ಬೇಕಾದ ಅಮೈನೋ ಆಮ್ಲಗಳು ಬಹಳ ಕಡಿಮೆ. ಬರೀ ಸಕ್ಕರೆ ನೀರು ಕುಡಿದು ಯಾವ ಜೀವವೂ ಮರಿ ಮಾಡಲಾರದು. ಈ ಕೊರತೆ ತುಂಬಿಸುವುದು ಹುಳದ ಒಳಗೇ ಇರುವ ಬ್ಯಾಕ್ಟೀರಿಯಾ. ಬಿಳಿನೊಣದಲ್ಲಿ ಅದರ ಹೆಸರು ಪೋರ್ಟಿಯೆರಾ, ಗಿಡಹೇನಿನಲ್ಲಿ ಬುಕ್ನೆರಾ. ಬುಕ್ನೆರಾ ಮತ್ತು ಗಿಡಹೇನಿನ ಸಂಬಂಧ ಹತ್ತು ಕೋಟಿ ವರ್ಷಕ್ಕಿಂತ ಹಳೆಯದು. ಭತ್ತದ ಕಂದು ಜಿಗಿಹುಳುವಿನಲ್ಲಿ ಈ ಕೆಲಸವನ್ನು ಹೆಚ್ಚಾಗಿ ಯೀಸ್ಟ್ ಜಾತಿಯ ಶಿಲೀಂಧ್ರ ಮಾಡುತ್ತದೆ. ತಾಯಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ, ಪೀಳಿಗೆಯಿಂದ ಪೀಳಿಗೆಗೆ ಇವು ದಾಟಿಕೊಂಡು ಬರುತ್ತವೆ. ಇವಕ್ಕೆ ಸಹಜೀವಿಗಳು ಅಂತ ಹೆಸರು.

ಇನ್ನೊಂದು ಗುಂಪಿದೆ. ಅವು ಊಟ ಹಾಕುವುದು ಕಡಿಮೆ, ಯಜಮಾನಿಕೆ ಮಾಡುವುದು ಜಾಸ್ತಿ. ಅದರಲ್ಲಿ ಬಹಳ ಹೆಸರು ಮಾಡಿದ್ದು ವೊಲ್ಬೇಕಿಯಾ. 1924ರಲ್ಲಿ ಹರ್ಟಿಗ್ ಮತ್ತು ವೊಲ್ಬಾಕ್ ಎಂಬ ಇಬ್ಬರು ಅಮೆರಿಕದಲ್ಲಿ ಕ್ಯೂಲೆಕ್ಸ್ ಸೊಳ್ಳೆಯೊಳಗೆ ಇದನ್ನು ಕಂಡರು. 1936ರಲ್ಲಿ ಹೆಸರಿಟ್ಟಿದ್ದಾಯಿತು. ಕೀಟಗಳ ಜಾತಿಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟರಲ್ಲಿ ಇದು ಇದ್ದೀತು ಅನ್ನುವುದು ವಿಜ್ಞಾನಿಗಳ ಅಂದಾಜು. ಇದಿರುವ ಗಂಡು, ಇಲ್ಲದ ಹೆಣ್ಣಿನ ಜೊತೆ ಕೂಡಿದರೆ ಮೊಟ್ಟೆ ಒಡೆಯುವುದೇ ಇಲ್ಲ. ಕೆಲವು ಕಣಜಗಳಲ್ಲಂತೂ ಇದು ಸೇರಿಕೊಂಡರೆ ಗಂಡಿನ ಅಗತ್ಯವೇ ಇಲ್ಲ. ಹೆಣ್ಣು ಹೆಣ್ಣನ್ನೇ ಹೆರುತ್ತಾ ಹೋಗುತ್ತದೆ.

ಇದರಿಂದ ರೈತನಿಗೆ ಏನು?

ಮೊದಲನೆಯದು, ಔಷಧಿ ಕೆಲಸ ಮಾಡುತ್ತದೋ ಇಲ್ಲವೋ ಅನ್ನುವುದು. ಭತ್ತ ಕೊಯ್ದ ಮೇಲೆ ನಮ್ಮಲ್ಲಿ ಅಲಸಂದೆ ಹಾಕುವವರಿದ್ದಾರೆ. ಅದರ ಕಾಯಿಯ ರಸ ಹೀರುವ ಉದ್ದನೆಯ ತಿಗಣೆ ಎಲ್ಲರಿಗೂ ಗೊತ್ತು, ವಿಜ್ಞಾನಿಗಳು ಅದನ್ನು ರಿಪ್ಟಾರ್ಟಸ್ ಅನ್ನುತ್ತಾರೆ. ಈ ತಿಗಣೆಯ ಮರಿ ಪ್ರತಿ ಪೀಳಿಗೆಯಲ್ಲೂ ಮಣ್ಣಿನಿಂದ ಒಂದು ಬ್ಯಾಕ್ಟೀರಿಯಾವನ್ನು ಹೊಟ್ಟೆಗೆ ಸೇರಿಸಿಕೊಳ್ಳುತ್ತದೆ. ಜಪಾನಿನ ವಿಜ್ಞಾನಿಗಳು 2012ರಲ್ಲಿ ತೋರಿಸಿಕೊಟ್ಟದ್ದು ಏನೆಂದರೆ, ಫೆನಿಟ್ರೋಥಿಯಾನ್ ಎಂಬ ಕೀಟನಾಶಕವನ್ನು ಒಂದೇ ಮಣ್ಣಿಗೆ ಮತ್ತೆ ಮತ್ತೆ ಹಾಕಿದರೆ, ಆ ವಿಷವನ್ನು ಒಡೆದು ತಿನ್ನುವ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಹೆಚ್ಚುತ್ತದೆ. ತಿಗಣೆ ಅದನ್ನೇ ಹೊಟ್ಟೆಗೆ ಹಾಕಿಕೊಂಡು ವಿಷ ತಡೆಯುವ ಶಕ್ತಿ ಪಡೆಯುತ್ತದೆ. ಹುಳದ ಗುಣ ಬದಲಾಗಿಲ್ಲ, ಒಳಗಿನ ಒಕ್ಕಲು ಬದಲಾಗಿದೆ ಅಷ್ಟೇ. ಅಂದರೆ ನಾವು ಹೊಡೆದ ಔಷಧಿಯೇ ಹುಳಕ್ಕೆ ಗುರಾಣಿ ಮಾಡಿಕೊಟ್ಟಿತು.

ಮಾವಿನ ಹಣ್ಣುನೊಣದ ಕಥೆಯೂ ಇದೇ. ಅದರ ಕರುಳಿನಲ್ಲಿರುವ ಸಿಟ್ರೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಟ್ರೈಕ್ಲೋರ್ಫಾನ್ ಕೀಟನಾಶಕವನ್ನು ಒಡೆಯುತ್ತದೆ ಅಂತ 2017ರಲ್ಲಿ ಚೀನಾದಲ್ಲಿ ಕಂಡುಬಂತು. ಭತ್ತದ ಕಂದು ಜಿಗಿಹುಳುವಿನಲ್ಲಿ ಇದಕ್ಕೆ ತಿರುವುಮುರುವು. 2018ರ ಅಧ್ಯಯನವೊಂದರಲ್ಲಿ ಆರ್ಸೆನೋಫೋನಸ್ ಬ್ಯಾಕ್ಟೀರಿಯಾದ ಒಂದು ತಳಿ ಒಳಗಿದ್ದ ಜಿಗಿಹುಳುಗಳು ಇಮಿಡಾಕ್ಲೋಪ್ರಿಡ್‌ಗೆ ಬೇಗ ಬಲಿಯಾದವು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಹುಳ. ಒಳಗೆ ಯಾರಿದ್ದಾರೆ ಅನ್ನುವುದರ ಮೇಲೆ ಬಾಟಲಿಯ ಭವಿಷ್ಯ ನಿಂತಿದೆ.

ಎರಡನೆಯದು, ನಮ್ಮ ಮಿತ್ರ ಕೀಟಗಳು. ಟ್ರೈಕೊಗ್ರಾಮ ಕಾರ್ಡು ಕಟ್ಟಿದ ರೈತರಿಗೆ ಗೊತ್ತು, ಆ ಪುಟ್ಟ ಕಣಜದ ಹೆಣ್ಣು ಮಾತ್ರ ಕಾಂಡಕೊರಕದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುವುದು. ಗಂಡಿನಿಂದ ಗದ್ದೆಗೆ ನೇರ ಲಾಭ ಇಲ್ಲ. ಕೆಲವು ಟ್ರೈಕೊಗ್ರಾಮ ತಳಿಗಳಲ್ಲಿ ವೊಲ್ಬೇಕಿಯಾ ಇದ್ದು ಹುಟ್ಟುವುದೆಲ್ಲ ಹೆಣ್ಣೇ. ಅವಕ್ಕೆ ಆ್ಯಂಟಿಬಯೋಟಿಕ್ ಕೊಟ್ಟರೆ ಮತ್ತೆ ಗಂಡು ಹುಟ್ಟುತ್ತವೆ ಅಂತ 1990ರಲ್ಲೇ ತೋರಿಸಿದ್ದಾರೆ. ವಿದೇಶಗಳಲ್ಲಿ ಪಾಲಿಹೌಸಿನ ಬಿಳಿನೊಣಕ್ಕೆ ಬಿಡುವ ಎನ್ಕಾರ್ಸಿಯಾ ಫಾರ್ಮೋಸಾ ಕಣಜವೂ ಹೀಗೆಯೇ. ನಮ್ಮ ತೆಂಗಿನ ಬಿಳಿನೊಣವನ್ನು ತಿಂದು ಹತೋಟಿಗೆ ತರುತ್ತಿರುವುದು ಅದರ ಹತ್ತಿರದ ಸಂಬಂಧಿ, ಎನ್ಕಾರ್ಸಿಯಾ ಗ್ವಾಡೆಲೂಪೇ. ಭಟ್ಕಳದ ತೋಟದಲ್ಲಿರುವ ಈ ಕಣಜದೊಳಗೆ ಏನಿದೆ, ಕುಮಟಾದ್ದರಲ್ಲಿ ಏನಿದೆ, ಒಂದು ಕಡೆ ಚೆನ್ನಾಗಿ ಹೆಚ್ಚಿ ಇನ್ನೊಂದು ಕಡೆ ಯಾಕೆ ಹೆಚ್ಚುವುದಿಲ್ಲ ಅಂತ ಕೇಳುವುದು ನಮ್ಮ ಹಕ್ಕಿನ ಪ್ರಶ್ನೆ.

ಮೂರನೆಯದು, ರೋಗ ಹರಡುವುದನ್ನು ತಡೆಯುವುದು. ವೊಲ್ಬೇಕಿಯಾ ಸೇರಿಸಿದ ಈಡಿಸ್ ಸೊಳ್ಳೆಗಳನ್ನು ಇಂಡೋನೇಷ್ಯಾದ ಯೋಗ್ಯಕರ್ತಾ ನಗರದಲ್ಲಿ ಬಿಟ್ಟಾಗ ಡೆಂಗಿ ಶೇ. 77ರಷ್ಟು ಇಳಿಯಿತು. ಆ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ನಮ್ಮ ದೇಶದಲ್ಲೂ ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರ ಇಂಥ ಸೊಳ್ಳೆ ತಳಿಗಳನ್ನು ಬೆಳೆಸಿ 2022ರಲ್ಲಿ ಪ್ರಕಟಿಸಿತು. ಬೆಳೆಯ ವಿಷಯದಲ್ಲಿ, ಚೀನಾದ ವಿಜ್ಞಾನಿಗಳು ಕಂದು ಜಿಗಿಹುಳುವಿಗೆ ಬೇರೊಂದು ಹುಳದ ವೊಲ್ಬೇಕಿಯಾ ಸೇರಿಸಿ, ಅದು ಭತ್ತಕ್ಕೆ ತರುವ ವೈರಸ್ ರೋಗ ಕಡಿಮೆಯಾಗುವುದನ್ನು 2020ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದರು. ನಮ್ಮ ಅಡಿಕೆಯ ಹಳದಿ ಎಲೆ ರೋಗಕ್ಕೂ ಕಾರಣ ಫೈಟೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ, ಅದನ್ನು ಮರದಿಂದ ಮರಕ್ಕೆ ಒಯ್ಯುವುದು ಒಂದು ಜಿಗಿಹುಳು. ಅದು ಸಹಜೀವಿ ಅಲ್ಲ, ರೋಗಾಣು. ಆದರೆ ಹುಳದೊಳಗೆ ಅದನ್ನು ಪತ್ತೆ ಮಾಡುವ ದಾರಿಯೂ ಇದೇ ಡಿಎನ್ಎ ಪರೀಕ್ಷೆ. ಒಂದೇ ಯಂತ್ರ, ಒಂದೇ ಕೈ, ಎರಡು ಕೆಲಸ.

ಪರೀಕ್ಷೆ ಹೇಗೆ ಮಾಡ್ತಾರೆ?

ಕೋವಿಡ್ ಕಾಲದಲ್ಲಿ ಪಿಸಿಆರ್ ಅನ್ನುವ ಶಬ್ದ ಮನೆ ಮನೆಯಲ್ಲೂ ಕೇಳಿದ್ದೇವೆ. ಇದೂ ಅದೇ ಜಾತಿಯ ಪರೀಕ್ಷೆ. ಮಂಗನ ಕಾಯಿಲೆಯ ಕಾಲದಲ್ಲಿ ಕಾಡಿನ ನೆಲದ ಮೇಲೆ ಬಿಳಿ ಬಟ್ಟೆ ಎಳೆದು ಉಣುಗು ಹಿಡಿದು ಲ್ಯಾಬಿಗೆ ಕಳಿಸುವುದನ್ನು ನಮ್ಮ ಜಿಲ್ಲೆಯ ಘಟ್ಟದಂಚಿನ ಜನ ಕಂಡವರೇ. ಕಾಡಿನ ಉಣುಗಿಗೆ ಆಗುವುದು ತೋಟದ ಹುಳಕ್ಕೆ ಆಗದೇ?

ಹುಳವನ್ನು ಬಲೆಯಲ್ಲೋ, ದೀಪದ ಬಲೆಯಲ್ಲೋ, ಎಲೆ ಸಮೇತವೋ ಹಿಡಿಯುವುದು. ಕೂಡಲೇ ಶೇ. 95ಕ್ಕಿಂತ ಹೆಚ್ಚು ಸಾಂದ್ರತೆಯ ಎಥನಾಲ್‌ನಲ್ಲಿ ಮುಳುಗಿಸುವುದು, ಇಲ್ಲವೇ ಫ್ರೀಜರಿನಲ್ಲಿ ಇಡುವುದು. ಫಾರ್ಮಲಿನ್ ಮಾತ್ರ ಬೇಡ, ಅದರಲ್ಲಿ ಡಿಎನ್ಎ ಹಾಳಾಗುತ್ತದೆ. ಪ್ರತಿ ಸೀಸೆಯೊಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿ ಇರಬೇಕು: ಊರು, ಬೆಳೆ, ತಾರೀಕು, ಹಿಂದಿನ ಎರಡು ತಿಂಗಳಲ್ಲಿ ಹೊಡೆದ ಔಷಧಿ. ಪೆನ್ನಿನ ಶಾಯಿ ಎಥನಾಲ್‌ನಲ್ಲಿ ಕರಗಿ ಹೋಗುತ್ತದೆ.

ಲ್ಯಾಬಿನಲ್ಲಿ ಹುಳವನ್ನು ತೊಳೆದು, ಹೊಟ್ಟೆಯ ಭಾಗ ಅರೆದು ಡಿಎನ್ಎ ತೆಗೆಯುತ್ತಾರೆ. ಆಮೇಲೆ ಪಿಸಿಆರ್ ಯಂತ್ರದಲ್ಲಿ ಎರಡು ತುಣುಕುಗಳನ್ನು ಕೋಟಿಗಟ್ಟಲೆ ಪ್ರತಿ ಮಾಡಿಸುತ್ತಾರೆ. ಒಂದು ಹುಳದ್ದೇ ತುಣುಕು, ಸುಮಾರು 700 ಅಕ್ಷರದಷ್ಟು ಉದ್ದದ್ದು. ಇನ್ನೊಂದು ವೊಲ್ಬೇಕಿಯಾದ್ದು, ಸಾಮಾನ್ಯವಾಗಿ ಬಳಸುವ ವಿಧಾನದಲ್ಲಿ 438 ಅಕ್ಷರ. ಜೆಲ್ ಮೇಲೆ ಹರಿಸಿದರೆ ಎರಡೂ ಬೇರೆ ಬೇರೆ ಗೆರೆಗಳಾಗಿ ಕಾಣುತ್ತವೆ. ಹುಳದ ಗೆರೆ ಬಂದು ವೊಲ್ಬೇಕಿಯಾ ಗೆರೆ ಬರದಿದ್ದರೆ ಆ ಮಾದರಿಯಲ್ಲಿ ಅದು ಸಿಕ್ಕಿಲ್ಲ ಅಂತ. ಹುಳದ ಗೆರೆಯೇ ಬರದಿದ್ದರೆ ಮಾದರಿ ಕೆಟ್ಟಿದೆ, ಮತ್ತೆ ಮಾಡಬೇಕು. ಯಾವ ತಳಿ ಅಂತ ತಿಳಿಯಲು ಆ ತುಣುಕಿನ ಅಕ್ಷರ ಓದಿಸಬೇಕು, ಅದಕ್ಕೆ ಹೊರಗಿನ ಲ್ಯಾಬಿಗೆ ಕಳಿಸುತ್ತಾರೆ.

ಇದೆಲ್ಲ ದೊಡ್ಡ ವಿಜ್ಞಾನಿಗಳ ಕೆಲಸ, ನಮ್ಮ ಕೈಗೆ ಎಟುಕದ್ದು ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಸೇಥ್ ಬಾರ್ಡೆನ್‌ಸ್ಟೀನ್ ಎಂಬ ವಿಜ್ಞಾನಿ ನಡೆಸುವ ವೊಲ್ಬೇಕಿಯಾ ಪ್ರಾಜೆಕ್ಟ್‌ನಲ್ಲಿ ಹೈಸ್ಕೂಲಿನ ಮಕ್ಕಳೇ ಹಿತ್ತಲಿನ ಹುಳ ಹಿಡಿದು ಈ ಪರೀಕ್ಷೆ ಮಾಡುತ್ತಾರೆ. ನಮ್ಮ ಮೂರೂ ತಾಲ್ಲೂಕಿನಲ್ಲಿ ಡಿಗ್ರಿ ಕಾಲೇಜುಗಳಿವೆ, ಪ್ರಾಣಿಶಾಸ್ತ್ರ ಓದುವ ಮಕ್ಕಳಿದ್ದಾರೆ. ಆ ಮಕ್ಕಳು ಪುಸ್ತಕದಲ್ಲಿ ಪಿಸಿಆರ್ ಚಿತ್ರ ಬರೆದು ಅಂಕ ಪಡೆಯುವುದಕ್ಕಿಂತ ಅಪ್ಪನ ತೋಟದ ಹುಳ ತಂದು ಪರೀಕ್ಷೆ ಮಾಡಲಿ.

ನಮ್ಮಲ್ಲೇ ಯಾಕೆ?

ಈ ಮೂರು ತಾಲ್ಲೂಕುಗಳ ಬೆಳೆ ನೋಡಿ. ಭಟ್ಕಳದ ಮಲ್ಲಿಗೆಯ ಮೊಗ್ಗನ್ನು ದಿನವೂ ಕೊಯ್ಯುತ್ತಾರೆ. ಕೊಯ್ಯುವವರು ಹೆಚ್ಚಾಗಿ ಮನೆಯ ಹೆಂಗಸರು, ಬರಿಗೈಯಲ್ಲಿ. ಔಷಧಿ ಹೊಡೆದ ಮೇಲೆ ಇಷ್ಟು ದಿನ ಕಾಯಿರಿ ಅಂತ ಲೇಬಲ್ ಮೇಲೆ ಬರೆದದ್ದು ಮಲ್ಲಿಗೆಯಲ್ಲಿ ನಡೆಯುವ ಮಾತೇ? ಹೊನ್ನಾವರದ ವೀಳ್ಯದೆಲೆಯನ್ನು ಬೇಯಿಸಿ ತಿನ್ನುವವರಿಲ್ಲ, ಹಸಿಯಾಗಿಯೇ ಬಾಯಿಗೆ ಹೋಗುತ್ತದೆ. ತೆಂಗಿನ ಮೇಲೆ ಹೊಡೆದದ್ದು ಕೆಳಗಿನ ಎಲೆಬಳ್ಳಿಯ ಮೇಲೆ ಇಳಿಯುತ್ತದೆ. ಕುಮಟಾದ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವ ನೀರಿನಲ್ಲೇ ಸಿಗಡಿ, ಮೀನು ಇವೆ. ಅಲ್ಲಿಗೆ ಹೊಡೆದ ವಿಷ ಅಘನಾಶಿನಿಗೇ ಸೇರುವುದು.

ಅಂದರೆ "ಹೊಡೆದು ನೋಡುವಾ, ಆಗದಿದ್ದರೆ ಮತ್ತೊಂದು ಹೊಡೆಯುವಾ" ಅನ್ನುವ ಆಟಕ್ಕೆ ನಮ್ಮ ಕರಾವಳಿಯಲ್ಲಿ ಜಾಗವೇ ಇಲ್ಲ. ಒಂದೊಂದು ತಪ್ಪು ಸಿಂಪಡಣೆಗೂ ಬೆಲೆ ಕೊಡುವವರು ಮಲ್ಲಿಗೆ ಕೊಯ್ಯುವ ಅಕ್ಕ, ಎಲೆ ಹಾಕುವ ಅಜ್ಜ, ಸಿಗಡಿ ಹಿಡಿಯುವ ಅಣ್ಣ. ಯಾವ ಔಷಧಿ ಈ ಹುಳಕ್ಕೆ ನಾಟುವುದಿಲ್ಲ ಅಂತ ಮೊದಲೇ ಗೊತ್ತಾದರೆ ಅಷ್ಟು ವಿಷ ತಪ್ಪಿತು, ಅಷ್ಟು ದುಡ್ಡು ಉಳಿಯಿತು.

ಇನ್ನೊಂದು ಕಾರಣ ಹವೆ. ಜಾಸ್ತಿ ಸೆಖೆಯಲ್ಲಿ ವೊಲ್ಬೇಕಿಯಾದ ಕೆಲವು ತಳಿಗಳು ಹುಳದೊಳಗೆ ಕಡಿಮೆಯಾಗುತ್ತವೆ ಅಂತ ಈಡಿಸ್ ಸೊಳ್ಳೆಯಲ್ಲಿ ಕಂಡಿದ್ದಾರೆ. ನಮ್ಮಲ್ಲಿ ಸಮುದ್ರದ ದಂಡೆಯಿಂದ ಘಟ್ಟದ ಬುಡಕ್ಕೆ ಹೆಚ್ಚು ದೂರ ಇಲ್ಲ. ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ ಒಂದು ಕಡೆ, ಏಪ್ರಿಲ್-ಮೇ ಸೆಖೆ ಇನ್ನೊಂದು ಕಡೆ. ಬೇರೆಲ್ಲೋ ಮಾಡಿದ ಪರೀಕ್ಷೆಯ ಫಲಿತಾಂಶ ನಮ್ಮ ತೋಟಕ್ಕೆ ಹಾಗೇ ಹೊಂದುತ್ತದೆ ಅಂತ ನಂಬಲಾಗದು. ನಮ್ಮ ಹುಳವನ್ನೇ ನೋಡಬೇಕು.

ಬೇಡ ಅನ್ನುವವರ ಮಾತೂ ಸುಳ್ಳಲ್ಲ

"ಕೊನೆ ಕೊಯ್ಯಲಿಕ್ಕೆ ಜನ ಸಿಗುವುದಿಲ್ಲ, ಮಂಗ ಕಾಯಿ ಬಿಡುವುದಿಲ್ಲ, ನೀವು ಬ್ಯಾಕ್ಟೀರಿಯಾ ಹುಡುಕಲಿಕ್ಕೆ ಹೊರಟಿರಾ?" ಅಂತ ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಪರೀಕ್ಷೆಯಿಂದ ನಾಳೆಯೇ ಹುಳ ಸಾಯುವುದಿಲ್ಲ. ಗೆರೆ ಕಂಡಿತು ಅಂದ ಮಾತ್ರಕ್ಕೆ ಆ ಬ್ಯಾಕ್ಟೀರಿಯಾ ಹುಳಕ್ಕೆ ಏನು ಮಾಡುತ್ತಿದೆ ಅಂತ ಗೊತ್ತಾಗುವುದೂ ಇಲ್ಲ. ಬಿಳಿನೊಣದ ಕೋಶದೊಳಗೆ ಕಣಜದ ಮರಿ ಇದ್ದರೆ, ಕಂಡ ವೊಲ್ಬೇಕಿಯಾ ಕಣಜದ್ದೂ ಆಗಿರಬಹುದು. ಒಂದು ಹುಳದ ಫಲಿತಾಂಶ ಒಂದು ತೋಟದ ಫಲಿತಾಂಶವಲ್ಲ. ಒಂದು ತೋಟಕ್ಕೆ ಇಪ್ಪತ್ತು ಮೂವತ್ತಾದರೂ ನೋಡಬೇಕು, ಒಂದೊಂದನ್ನೂ ಬೇರೆ ಬೇರೆಯಾಗಿ.

ಹೀಗಾಗಿ ಪ್ರತಿ ರೈತನೂ ದುಡ್ಡು ಕೊಟ್ಟು ಪರೀಕ್ಷೆ ಮಾಡಿಸಬೇಕು ಅಂತ ನಾನು ಹೇಳುವುದಿಲ್ಲ. ಖರ್ಚು ಸರಕಾರದ್ದಾಗಬೇಕು, ಕೆಲಸ ಕಾಲೇಜು ಮತ್ತು ಕೃಷಿ ವಿಶ್ವವಿದ್ಯಾಲಯದ್ದಾಗಬೇಕು, ಮಾದರಿ ನಮ್ಮದಾಗಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದೆ, ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ, ಕಾಸರಗೋಡಿನಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ. ವಿದ್ಯೆ ಅಲ್ಲಿದೆ, ಹುಳ ಇಲ್ಲಿದೆ. ನಡುವೆ ಸೇತುವೆ ಇಲ್ಲ.

ಆರಂಭಕ್ಕೆ ನಾಲ್ಕೇ ಹುಳ ಸಾಕು: ತೆಂಗಿನ ಬಿಳಿನೊಣ ಮತ್ತು ಅದರ ಕಣಜ, ಭತ್ತದ ಕಂದು ಜಿಗಿಹುಳು, ಮಾವಿನ ಹಣ್ಣುನೊಣ. ವರ್ಷಕ್ಕೆ ಎರಡು ಸಲ, ಮಳೆಗೆ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ. ಮೂರು ವರ್ಷ ಮಾಡಿ ನೋಡಲಿ. ಫಲಿತಾಂಶ ಇಂಗ್ಲಿಷ್ ಪತ್ರಿಕೆಯಲ್ಲಿ ಅಚ್ಚಾದರೆ ಸಾಲದು. ಯಾರ ತೋಟದಿಂದ ಹುಳ ಹೋಯಿತೋ ಅವರ ಮನೆಗೆ ಕನ್ನಡದಲ್ಲಿ ಒಂದು ಚೀಟಿ ಬರಬೇಕು. ಇದು ನನ್ನ ಮೊದಲ ಷರತ್ತು. ನಮ್ಮ ಎಲೆ, ಮಣ್ಣು, ಹುಳ ಎಲ್ಲ ಒಯ್ದು ಮತ್ತೆ ಮುಖ ತೋರಿಸದವರು ಸಾಕಷ್ಟಾದರು.

ಎರಡನೇ ಷರತ್ತು, ಲೆಕ್ಕ. 2002ರ ಜೀವವೈವಿಧ್ಯ ಕಾಯಿದೆ ಪ್ರಕಾರ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಯಾವ ಊರಿನಿಂದ ಏನು ಹೋಯಿತು ಅಂತ ಅಲ್ಲಿ ಬರೆದಿಡಲಿ. ಹುಳದೊಳಗಿನ ಬ್ಯಾಕ್ಟೀರಿಯಾವೂ ಊರಿನ ಸೊತ್ತೇ. ನಾಳೆ ಅದರಿಂದ ಯಾರಾದರೂ ವ್ಯಾಪಾರ ಮಾಡಿದರೆ ಕೇಳಲಿಕ್ಕೆ ದಾಖಲೆ ಬೇಕು.

ಈಗಲೇ ಮಾಡಬಹುದಾದದ್ದು

ಪರೀಕ್ಷೆ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ತೆಂಗಿನಲ್ಲಿ ಬಿಳಿನೊಣ ಕಂಡರೆ ಗರಿಯ ಅಡಿಭಾಗದ ಕೋಶಗಳನ್ನು ನೋಡಿ. ಕೆಲವು ಕಪ್ಪಾಗಿದ್ದರೆ ಎನ್ಕಾರ್ಸಿಯಾ ಕಣಜ ಕೆಲಸ ಮಾಡುತ್ತಿದೆ ಅಂತ ಅರ್ಥ. ಅಂಥ ತೋಟಕ್ಕೆ ರಾಸಾಯನಿಕ ಹೊಡೆಯಲೇಬೇಡಿ, ಹೊಡೆದರೆ ಮೊದಲು ಸಾಯುವುದು ಕಣಜ. ಚಿಕ್ಕ ಮರವಾದರೆ ಪಂಪಿನಿಂದ ಬರೀ ನೀರನ್ನು ಗರಿಯ ಅಡಿಗೆ ಜೋರಾಗಿ ಹಾಯಿಸಿ. ಹಳದಿ ಅಂಟು ಹಾಳೆ ಕಟ್ಟಿ. ಬಹಳ ಜಾಸ್ತಿ ಇದ್ದರೆ ಶೇ. 0.5ರ ಬೇವಿನೆಣ್ಣೆ. ಗರಿಯ ಮೇಲಿನ ಕಪ್ಪು ಬೂಸ್ಟಿಗೆ ಶೇ. 1ರ ಗಂಜಿ ದ್ರಾವಣ ಸಿಂಪಡಿಸಿದರೆ ಒಣಗಿ ಹಪ್ಪಳದ ಹಾಗೆ ಎದ್ದು ಬೀಳುತ್ತದೆ.

ಮೂರು ಬೇಡಗಳೂ ಇವೆ. ಹುಳದೊಳಗಿನ ಬ್ಯಾಕ್ಟೀರಿಯಾ ಕೊಲ್ಲುತ್ತೇನೆ ಅಂತ ತೋಟಕ್ಕೆ ಆ್ಯಂಟಿಬಯೋಟಿಕ್ ಹೊಡೆಯಬೇಡಿ. ಮಿತ್ರ ಕೀಟದ ಸಹಜೀವಿಗೂ, ಮಣ್ಣಿನ ಜೀವಕ್ಕೂ, ಕೊನೆಗೆ ನಮ್ಮ ಮೈಗೂ ಅದು ಕೆಟ್ಟದ್ದು. ಬೆಳೆಗಳಲ್ಲಿ ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್ ಬಳಕೆ ನಿಲ್ಲಿಸುವ ಕರಡು ಆದೇಶವನ್ನು ಕೇಂದ್ರ ಕೃಷಿ ಸಚಿವಾಲಯ 2021ರ ಕೊನೆಯಲ್ಲೇ ಹೊರಡಿಸಿದೆ. "ವೊಲ್ಬೇಕಿಯಾ ಬಾಟಲಿ" ಅಂತ ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಅದು ಜೀವಂತ ಹುಳದ ಜೀವಕೋಶದೊಳಗೆ ಮಾತ್ರ ಬದುಕುವುದು, ಬಾಟಲಿಯಲ್ಲಿ ತುಂಬಿ ಪಂಪಿನಲ್ಲಿ ಹೊಡೆಯುವ ಸರಕಲ್ಲ. ಹಾಗೆಯೇ ಕೀಟ ಇರುವ ತೆಂಗಿನ ಸಸಿ, ಗರಿಗಳನ್ನು ಒಂದು ಊರಿಂದ ಇನ್ನೊಂದಕ್ಕೆ ಒಯ್ಯಬೇಡಿ.

ಒಂದು ಕೆಲಸ ಮಾತ್ರ ಎಲ್ಲರೂ ಮಾಡಬಹುದು. ಒಂದು ನೋಟ್‌ಬುಕ್ಕಿನಲ್ಲಿ ಯಾವ ಹುಳಕ್ಕೆ, ಯಾವ ತಾರೀಕು, ಯಾವ ಔಷಧಿ, ಎಷ್ಟು ಪ್ರಮಾಣ, ಸತ್ತಿತೋ ಇಲ್ಲವೋ ಅಂತ ಬರೆದಿಡಿ. ನಾಳೆ ಡಿಎನ್ಎ ಪರೀಕ್ಷೆಯ ಫಲಿತಾಂಶ ಬಂದಾಗ ಅದಕ್ಕೆ ಅರ್ಥ ಕೊಡುವುದು ಈ ಪುಸ್ತಕವೇ. ಔಷಧಿ ನಾಟದ ತೋಟ ಯಾವುದು ಅಂತ ಲ್ಯಾಬಿಗೆ ಗೊತ್ತಿಲ್ಲ, ನಿಮಗೆ ಗೊತ್ತು.

ಮುಂದಿನ ಗ್ರಾಮಸಭೆಯಲ್ಲೋ, ಸೊಸೈಟಿಯ ವಾರ್ಷಿಕ ಸಭೆಯಲ್ಲೋ ಈ ವಿಷಯ ಎತ್ತಿ. "ನಮ್ಮ ತೋಟದ ಹುಳ ಪರೀಕ್ಷೆ ಮಾಡಿ ಕೊಡಿ" ಅಂತ ಕೃಷಿ, ತೋಟಗಾರಿಕೆ ಇಲಾಖೆಗೆ ಬರವಣಿಗೆಯಲ್ಲೇ ಕೇಳಿ. ಕೇಳುವವರು ಒಬ್ಬಿಬ್ಬರಾದರೆ ಕಡತದಲ್ಲಿ ಉಳಿಯುತ್ತದೆ. ಮೂರು ತಾಲ್ಲೂಕಿನಿಂದ ಒಟ್ಟಿಗೆ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.